ಗೊತ್ತಿರೋ ಹಾಡು ಕೇಳೋಕೆ ಮತ್ತೆ ಮತ್ತೆ ಯಾಕೆ ಹೋಗುತ್ತಾರೆ?

ನೀವು ಕೇಳಿರುವುದು ಇಷ್ಟು: "ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅನ್ನೋ ಅಮೆರಿಕದ ರಾಕ್ ಗಾಯಕನ ಕಾನ್ಸರ್ಟ್‌ಗೆ ಕೆಲವರು ಐವತ್ತು ಸಲ, ನೂರು ಸಲ ಹೋಗ್ತಾರಂತೆ. ಹಾಡೆಲ್ಲ ಫೋನಲ್ಲೇ ಸಿಗುತ್ತೆ, ಆತನಿಗೂ ವಯಸ್ಸಾಗಿದೆ. ಇದೇನು ಹುಚ್ಚಾ?"

ಹುಚ್ಚೇ. ಆದರೆ ದಾವಣಗೆರೆಯಲ್ಲಿ ಬೆಳೆದವನಿಗೆ ಇದು ಹೊಸ ಹುಚ್ಚಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಕಣ್ಣಾರೆ ನೋಡಿರುವುದು ಒಂದೇ ಒಂದು ಸಲ. ನೂರು ಸಲ ಹೋದವರ ಮುಂದೆ ನಾನು ಬಚ್ಚಾ. ಆದರೆ ಇಪ್ಪತ್ತೈದು ವರ್ಷಕ್ಕೂ ಜಾಸ್ತಿ ಆತನ ಲೈವ್ ರೆಕಾರ್ಡಿಂಗ್ ಕೇಳುತ್ತಾ ಬಂದಿದ್ದೇನೆ, ಅದಕ್ಕೆ ಈ ಧೈರ್ಯ. ಇನ್ನು ಮುಂದೆ ಏಕವಚನದಲ್ಲೇ ಬರೆಯುತ್ತೇನೆ, ತಪ್ಪು ತಿಳಿಯಬೇಡಿ. ಇಷ್ಟದವರನ್ನು ಬಹುವಚನದಲ್ಲಿ ಕರೆದರೆ ಯಾಕೋ ಬ್ಯಾಂಕ್ ಮ್ಯಾನೇಜರ್ ಜೊತೆ ಮಾತಾಡಿದ ಹಾಗೆ ಆಗುತ್ತದೆ.

ನಮ್ಮದು ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರ ಊರು, ಕೆಬಿಆರ್ ಡ್ರಾಮಾ ಕಂಪನಿಯ ಊರು. ನಮ್ಮಪ್ಪ ಮಿಲ್ಲಿನಲ್ಲಿ ಕೆಲಸ ಮಾಡುತ್ತಿದ್ದರು. ರಾತ್ರಿ ಪಾಳಿ ಇಲ್ಲದ ವಾರ ಬಂತೆಂದರೆ ನಾಟಕದ ಟೆಂಟಿನಲ್ಲೇ ಇರುತ್ತಿದ್ದರು. ಒಂದು ನಾಟಕವನ್ನಂತೂ ಹನ್ನೊಂದು ಸಲ ನೋಡಿದ್ದರು. ಅಮ್ಮನಿಗೆ ಸಿಟ್ಟು. "ಮುಂದೆ ಏನಾಗ್ತದೆ ಅಂತ ನಿಮಗೆ ಗೊತ್ತಿಲ್ವಾ?" ಅಂತ ಕೇಳಿದರೆ ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ, "ಏನಾಗ್ತದೆ ಅಂತ ಗೊತ್ತು, ಇವತ್ತು ಹೆಂಗಾಗ್ತದೆ ಅಂತ ಗೊತ್ತಿಲ್ಲ" ಅನ್ನುತ್ತಿದ್ದರು.

ನಿಮ್ಮ ಪ್ರಶ್ನೆಗೆ ಉತ್ತರ ನಿಜಕ್ಕೂ ಅಷ್ಟೇ. ಉಳಿದಿದ್ದು ವಿವರ.

ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಅಂತ ಇತ್ತಲ್ಲ, ಹಳಬರನ್ನು ಕೇಳಿ ನೋಡಿ. ಸತ್ತು ಬಿದ್ದ ಪಾತ್ರಧಾರಿ ಜನ ಕೂಗಿದರೆಂದು ಎದ್ದು ಕೂತು, ಹಾಡನ್ನು ಇನ್ನೊಂದು ಸಲ ಹಾಡಿ, ಮತ್ತೆ ಸಾಯುತ್ತಿದ್ದ. ಓದಿದವರು ಅದನ್ನು ನಗೆಪಾಟಲು ಮಾಡಿದರು. ನನಗೆ ಮಾತ್ರ ಅದು ತುಂಬಾ ಸರಿ ಅನ್ನಿಸುತ್ತದೆ. ಜನ ಅಲ್ಲಿಗೆ ಬರುತ್ತಿದ್ದುದು ಕಥೆ ತಿಳಿಯೋಕಲ್ಲ. ಆ ಹಾಡಿನಲ್ಲಿ ಆವತ್ತು ಹಾರ್ಮೋನಿಯಂ ಮೇಷ್ಟ್ರು ಏನು ಹೊಸದು ಹಾಕುತ್ತಾರೆ, ಆಕೆ ಆ ತಾನವನ್ನು ಎಲ್ಲಿಗೆ ಒಯ್ದು ಬಿಡುತ್ತಾಳೆ, ಅದನ್ನು ಹಿಡಿಯೋಕೆ. ಹಾಡು ಬಾಯಿಪಾಠ ಇದ್ದವನಿಗೆ ಮಾತ್ರ ಅದು ಸಿಗುತ್ತದೆ. ಮೊದಲ ಸಲ ಬಂದವನಿಗೆ ಬರೀ ಹಾಡು ಕೇಳಿಸುತ್ತದೆ ಅಷ್ಟೇ.

ಬ್ರೂಸ್ ನನಗೆ ಸಿಕ್ಕಿದ್ದು ಕಾಲೇಜಿನಲ್ಲಿ. ದಾವಣಗೆರೆ ಕಾಲೇಜುಗಳಿಗೆ ಆಗ ದೇಶದ ಮೂಲೆಮೂಲೆಯಿಂದ ಹುಡುಗರು ಬರುತ್ತಿದ್ದರು. ಶಿಲ್ಲಾಂಗ್‌ನವನೊಬ್ಬ ನನ್ನ ಗೆಳೆಯನಾದ. ಆ ಊರಿಗೆ ರಾಕ್ ಅಂದರೆ ನಮಗೆ ಬೆಣ್ಣೆದೋಸೆ ಇದ್ದ ಹಾಗೆ, ವಾದವೇ ಇಲ್ಲ. ಅವನ ಹತ್ತಿರ 1986ರಲ್ಲಿ ಬಂದ ಲೈವ್ ಆಲ್ಬಮ್ ಇತ್ತು, 1975ರಿಂದ 85ರವರೆಗಿನ ಕಾನ್ಸರ್ಟ್‌ಗಳಿಂದ ಆಯ್ದ 40 ಹಾಡುಗಳು. ಕ್ಯಾಸೆಟ್‌ನಿಂದ ಕ್ಯಾಸೆಟ್‌ಗೆ ಇಳಿಸಿಕೊಂಡದ್ದು, ನಡುನಡುವೆ ಗೊರಗೊರ ಸದ್ದು. ಅದರಲ್ಲಿ 'ದಿ ರಿವರ್' ಅನ್ನೋ ಹಾಡು ಶುರುವಾಗುವ ಮುಂಚೆ ಆತ ಕೆಲವು ನಿಮಿಷ ಸುಮ್ನೆ ಮಾತಾಡುತ್ತಾನೆ, ಹಿಂದೆ ಗಿಟಾರ್ ಮೆಲ್ಲಗೆ ಮೀಟುತ್ತಾ ಇರುತ್ತದೆ.

ಮಾತೇನು ಗೊತ್ತಾ? ಅಪ್ಪನ ಜೊತೆ ಜಗಳ. ಇವನದು ಉದ್ದ ಕೂದಲು. ಅಪ್ಪ ರಾತ್ರಿ ಅಡುಗೆಮನೆಯಲ್ಲಿ ಕತ್ತಲಲ್ಲಿ ಕೂತು ಇವನು ಬರುವುದನ್ನೇ ಕಾಯುತ್ತಿರುತ್ತಾರೆ. ಸೈನ್ಯಕ್ಕೆ ಹೋದರೆ ಗೊತ್ತಾಗುತ್ತದೆ ನಿನಗೆ, ನಿನ್ನನ್ನು ಮನುಷ್ಯನನ್ನಾಗಿ ಮಾಡುತ್ತಾರೆ ಅಂತ ಅವರ ಮಾತು. ವಿಯೆಟ್ನಾಂ ಯುದ್ಧದ ಕಾಲ. ಇವನಿಗೆ ಕರೆ ಬರುತ್ತದೆ. ಹೆದರಿಕೊಂಡು ಹೋಗುತ್ತಾನೆ, ಪರೀಕ್ಷೆಯಲ್ಲಿ ಇವನನ್ನು ಬೇಡ ಅನ್ನುತ್ತಾರೆ. ಮನೆಗೆ ವಾಪಸ್ ಬಂದಾಗ ಅಪ್ಪ ಏನಾಯಿತು ಅಂತ ಕೇಳುತ್ತಾರೆ. ತಗೊಳ್ಳಲಿಲ್ಲ ಅನ್ನುತ್ತಾನೆ. ಅಪ್ಪ ಹೇಳುವುದು ಒಂದೇ ಮಾತು, ಒಳ್ಳೇದಾಯ್ತು ಅಂತ. ಜನ ಒಂದು ಕ್ಷಣ ಸ್ತಬ್ಧ, ಆಮೇಲೆ ಚಪ್ಪಾಳೆ, ಅದರೊಳಗಿಂದ ಮೌತ್ ಆರ್ಗನ್ ಏಳುತ್ತದೆ.

ಆ ಮಾತು ಸ್ಟುಡಿಯೋ ರೆಕಾರ್ಡಿನಲ್ಲಿ ಇಲ್ಲ. ಹಾಡು ಅದೇ, ಒಂದಕ್ಷರ ಬದಲಾಗಿಲ್ಲ, ಆದರೆ ಆ ಮಾತು ಕೇಳಿದ ಮೇಲೆ ಹಾಡು ಬೇರೆಯೇ ಆಗಿಬಿಡುತ್ತದೆ. ನನಗೆ ಹತ್ತೊಂಬತ್ತು ವರ್ಷ, ನಮ್ಮಪ್ಪನ ಜೊತೆ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ಇಷ್ಟು ಸಾಕಲ್ವಾ?

ಇನ್ನೊಂದು ಕಾರಣವೂ ಇದೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ನೋಡಿದವರಿಗೆ ಅರ್ಥವಾಗುತ್ತದೆ. ಹತ್ತಿ ಮಿಲ್ಲುಗಳು ಒಂದೊಂದಾಗಿ ನಿಂತವು. ಅಪ್ಪನ ಮಿಲ್ಲೂ ನಿಂತಿತು, ಬರಬೇಕಾದ ದುಡ್ಡಿನಲ್ಲಿ ಅರ್ಧ ಬರಲೇ ಇಲ್ಲ. ಮಿಲ್ಲಿನ ಸೈರನ್ ಕೂಗು ನಿಂತ ಮೇಲೂ ಕೆಲವು ತಿಂಗಳು ಅಪ್ಪ ಪಾಳಿಯ ಹೊತ್ತಿಗೇ ಎದ್ದು ಕೂತಿರುತ್ತಿದ್ದರು. ಬ್ರೂಸ್ ಬೆಳೆದದ್ದು ನ್ಯೂಜೆರ್ಸಿಯ ಫ್ರೀಹೋಲ್ಡ್ ಅನ್ನೋ ಸಣ್ಣ ಊರಿನಲ್ಲಿ. ಅವನ ಅಪ್ಪನೂ ಅಲ್ಲಿನ ಕಾರ್ಪೆಟ್ ಮಿಲ್ಲಿನಲ್ಲಿ ಕೆಲಸ ಮಾಡಿದವರು, ಬಸ್ಸೂ ಓಡಿಸಿದವರು. 1984ರ ಆಲ್ಬಮ್‌ನ ಕೊನೇ ಹಾಡು ರೈಲು ಹಳಿಯ ಆಚೆಗಿನ ಜವಳಿ ಮಿಲ್ಲು ಮುಚ್ಚಿದ ಊರಿನ ಬಗ್ಗೆ. ನಮ್ಮೂರ ನಡುವೆಯೂ ರೈಲು ಹಳಿ ಇದೆ. ಮೊದಲ ಸಲ ಸಾಹಿತ್ಯ ಬಿಡಿಸಿಕೊಂಡು ಕೇಳಿದಾಗ, ಇವನಿಗೆ ಇದನ್ನೆಲ್ಲ ಯಾರು ಹೇಳಿದರು ಅನ್ನಿಸಿತ್ತು.

ಸರಿ, ಆ ಒಂದು ರಾತ್ರಿಯ ವಿಷಯಕ್ಕೆ ಬರುತ್ತೇನೆ. 2016ರಲ್ಲಿ ಕಂಪನಿ ಕೆಲಸದ ಮೇಲೆ ಆರು ತಿಂಗಳು ನ್ಯೂಜೆರ್ಸಿಯಲ್ಲಿದ್ದೆ. ಆಗಸ್ಟ್‌ನಲ್ಲಿ ಬ್ರೂಸ್ ಮೆಟ್‌ಲೈಫ್ ಸ್ಟೇಡಿಯಂನಲ್ಲಿ ಮೂರು ರಾತ್ರಿ ಹಾಡಿದ. ಅವನ ತವರು ರಾಜ್ಯ, ಅವನಿಗಾಗ 66. ಸಿಕಾಕಸ್‌ನಲ್ಲಿ ರೈಲು ಬದಲಿಸಿ ಹೋದೆ. ಬೋಗಿ ತುಂಬಾ ಅಜ್ಜ-ಅಜ್ಜಿಯರು, ಮಾಸಿದ ಟೀ ಶರ್ಟು ಹಾಕಿಕೊಂಡು, ಮದುವೆ ದಿಬ್ಬಣದ ಹಾಗೆ ಗಲಗಲ. ಕೆಲವರ ಜೊತೆ ಮೊಮ್ಮಕ್ಕಳು.

ಸ್ಟೇಡಿಯಂನಲ್ಲಿ ನನ್ನ ಪಕ್ಕದ ಸೀಟಿನಲ್ಲಿ ಒಬ್ಬ ಹಿರಿಯ, ನಿವೃತ್ತ ಪೋಸ್ಟ್‌ಮ್ಯಾನ್. ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಬಿಳಿ ಹಾಳೆ ತೆಗೆದು ತೊಡೆ ಮೇಲೆ ಇಟ್ಟುಕೊಂಡರು, ಕಿವಿ ಹಿಂದಿನಿಂದ ಪೆನ್ಸಿಲ್ಲು. ಪ್ರತಿ ಹಾಡಿನ ಹೆಸರು ಬರೆಯುವುದು, ಎದುರಿಗೆ ಒಂದು ಗುರುತು. ಕ್ರಿಕೆಟ್ ಸ್ಕೋರರ್ ಹಾಗೆ. ಆ ಗುರುತು ಏನು ಅಂತ ಕೇಳಿದೆ. ಈ ಹಾಡನ್ನು ತಾನು ಎಷ್ಟನೇ ಸಲ ನೇರ ಕೇಳುತ್ತಿದ್ದೇನೆ ಅನ್ನೋ ಲೆಕ್ಕವಂತೆ! ಅವರಿಗೆ ಅದು 58ನೇ ಕಾನ್ಸರ್ಟ್. ಬಹಳ ಹಾಡುಗಳ ಎದುರಿಗೆ ಎರಡಂಕಿ. ಕತ್ತಲಲ್ಲೂ ಸಾಲು ಸೊಟ್ಟಗಾಗಲಿಲ್ಲ.

ಆವತ್ತು ಶುರು ಮಾಡಿದ್ದೇ 'ನ್ಯೂಯಾರ್ಕ್ ಸಿಟಿ ಸೆರೆನೇಡ್' ಅನ್ನೋ 1973ರ ಹಾಡಿನಿಂದ, ಅದೂ ಪಿಟೀಲಿನವರ ಒಂದು ಗುಂಪನ್ನೇ ಸ್ಟೇಜಿನ ಮೇಲೆ ಕೂರಿಸಿಕೊಂಡು. ಸ್ಟೇಡಿಯಂ ಕಾನ್ಸರ್ಟ್ ಅಂದರೆ ಮೊದಲ ಹಾಡಿಗೇ ಪಟಾಕಿ ಹೊಡೆದ ಹಾಗೆ ಇರಬೇಕು ಅಂದುಕೊಂಡಿದ್ದೆ. ಇವನು ಪಿಯಾನೋ ಇಟ್ಟು ಮೆಲ್ಲಗೆ, ಹತ್ತು ನಿಮಿಷದಷ್ಟು ಉದ್ದದ ಹಾಡಿಗೆ ಇಳಿದ. ಹಿರಿಯರ ಪೆನ್ಸಿಲ್ಲು ಹಾಳೆಯ ಮೇಲೆ ನಿಂತೇ ಇತ್ತು. ಹಾಡು ಮುಗಿಯುವ ತನಕ ಅವರು ಏನೂ ಬರೆಯಲಿಲ್ಲ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, ಹೆಸರು ಬರೆದು, ಎದುರಿಗೆ ಒಂದು ಸಣ್ಣ ಅಂಕಿ ಹಾಕಿದರು.

ಗೊತ್ತಿರೋದರ ಸುಖ ಬೇರೆ ಕಡೆಗಳಲ್ಲೂ ಕಂಡಿತು. ಬ್ರೂಸ್‌ನ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಕ್ಲಾರೆನ್ಸ್ ಕ್ಲೆಮನ್ಸ್ 2011ರಲ್ಲಿ ತೀರಿಕೊಂಡ. ಬ್ಯಾಂಡ್ ಕಟ್ಟಿದ ಕಥೆ ಹೇಳುವ ಒಂದು ಹಾಡಿನಲ್ಲಿ ಅವನ ಪ್ರಸ್ತಾಪದ ಸಾಲು ಬಂದಾಗ ಇಡೀ ಸ್ಟೇಡಿಯಂ ಎದ್ದು ಕೂಗುತ್ತದೆ, ಪರದೆ ಮೇಲೆ ಅವನ ಚಿತ್ರ. ಈಗ ಆ ಜಾಗದಲ್ಲಿ ನಿಂತು ನುಡಿಸುವುದು ಅವನ ಅಣ್ಣ-ತಮ್ಮಂದಿರ ಪೈಕಿ ಒಬ್ಬರ ಮಗ ಜೇಕ್. ಹೊಸಬನಿಗೆ ಅದೊಂದು ಸಾಲು. ಹಳಬರಿಗೆ ಅದು ಮನೆಯವರ ತಿಥಿ. 'ಬಾರ್ನ್ ಟು ರನ್' ಬಂದಾಗ ಸ್ಟೇಡಿಯಂ ದೀಪಗಳನ್ನೆಲ್ಲ ಹಾಕಿಬಿಡುತ್ತಾರೆ, ಹಗಲಿನ ಹಾಗೆ. ಆಗ ನೀವು ಅವನನ್ನು ನೋಡುವುದಿಲ್ಲ, ಅಕ್ಕಪಕ್ಕದವರ ಮುಖ ನೋಡುತ್ತೀರಿ.

ಮತ್ತೆ ಅವನ ಹಾಡುಗಳ ಪಟ್ಟಿ ದಿನಾ ಒಂದೇ ಇರುವುದಿಲ್ಲ. ಜನ ರಟ್ಟಿನ ಮೇಲೆ ಹಾಡಿನ ಹೆಸರು ಬರೆದು ಎತ್ತಿ ಹಿಡಿಯುತ್ತಾರೆ. ಎಷ್ಟೋ ಟೂರ್‌ಗಳಲ್ಲಿ ಅವನು ಆ ರಟ್ಟುಗಳನ್ನು ಗೋರಿಕೊಂಡು ಹೋಗಿ, ಒಂದನ್ನು ಆರಿಸಿ, ಬ್ಯಾಂಡಿಗೆ ತೋರಿಸಿ ಅಲ್ಲೇ ನುಡಿಸಿದ್ದಾನೆ. 2012ರ ಜುಲೈ 31ರಂದು ಹೆಲ್ಸಿಂಕಿಯಲ್ಲಿ ಹಾಡಿದ್ದು ನಾಲ್ಕು ಗಂಟೆ ಆರು ನಿಮಿಷ. ಕದ್ದು ರೆಕಾರ್ಡ್ ಮಾಡುವವರಿಗೂ ಅವನಿಗೂ ಹಳೇ ನಂಟು. 1978ರಲ್ಲಿ ರೇಡಿಯೋದಲ್ಲಿ ನೇರ ಪ್ರಸಾರವಾದ ಕಾನ್ಸರ್ಟ್‌ನಲ್ಲಿ, ಟೇಪ್ ಓಡಿಸಿಕೊಳ್ಳಿ ಅಂತ ಅವನೇ ಅವರನ್ನು ಹುರಿದುಂಬಿಸಿದ್ದ. ಈಗ ಅವನ ಕಡೆಯಿಂದಲೇ ಕಾನ್ಸರ್ಟ್ ರೆಕಾರ್ಡಿಂಗ್‌ಗಳು ಮಾರಾಟಕ್ಕೆ ಸಿಗುತ್ತವೆ. ನಾನಂತೂ ಅಲ್ಲಿ ಸುರಿದ ದುಡ್ಡಿನ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ಎಲ್ಲ ಚೆಂದ ಅಂತಲೂ ಅಲ್ಲ. 2022ರಲ್ಲಿ ಬೇಡಿಕೆ ಹೆಚ್ಚಾದ ಹಾಗೆ ಟಿಕೆಟ್ ದರ ಏರುವ ಪದ್ಧತಿಯಲ್ಲಿ ಮಾರಿದರು. ಕೆಲವು ಟಿಕೆಟ್ಟು ಸಾವಿರಾರು ಡಾಲರ್ ಮುಟ್ಟಿದವು. ಕೂಲಿಯವರ ಕಷ್ಟ ಹಾಡಿದವನ ಕಾನ್ಸರ್ಟ್‌ಗೆ ಕೂಲಿಯವನು ಹೋಗದ ಹಾಗೆ ಆಯಿತಲ್ಲ ಅಂತ ಹಳೇ ಅಭಿಮಾನಿಗಳೇ ಸಿಟ್ಟಾದರು. 1980ರಿಂದ ಅಭಿಮಾನಿಗಳಿಗಾಗಿ ನಡೆದುಬಂದಿದ್ದ 'ಬ್ಯಾಕ್‌ಸ್ಟ್ರೀಟ್ಸ್' ಪತ್ರಿಕೆ ಇದೇ ಬೇಸರದಲ್ಲಿ 2023ರಲ್ಲಿ ನಿಂತುಹೋಯಿತು. ಅವರ ಸಿಟ್ಟು ನನಗೂ ನ್ಯಾಯ ಅನ್ನಿಸುತ್ತದೆ. ಬ್ರೂಸ್ ಕೊಟ್ಟ ಸಮಜಾಯಿಷಿ ನನಗೆ ಹಿಡಿಸಲಿಲ್ಲ. ಆ ಟೂರ್‌ನಲ್ಲಿ ಪಟ್ಟಿಯೂ ಮೊದಲಿನಷ್ಟು ಬದಲಾಗುತ್ತಿರಲಿಲ್ಲ. ಹದಿಹರೆಯದಲ್ಲಿ ಅವನು ಸೇರಿದ್ದ ಬ್ಯಾಂಡಿನಲ್ಲಿ ಬದುಕಿ ಉಳಿದವನು ಅವನೊಬ್ಬನೇ, ಸತ್ತವರನ್ನು ನೆನೆಯುವ ಹಾಡುಗಳ ಸುತ್ತ ಆ ಪಟ್ಟಿಯನ್ನು ಕಟ್ಟಿದ್ದ. ಕೊನೆಗೆ ಬ್ಯಾಂಡನ್ನೆಲ್ಲ ಕಳಿಸಿ ಒಬ್ಬನೇ ಗಿಟಾರ್ ಹಿಡಿದು ಒಂದು ಹಾಡು. ಬೈದುಕೊಂಡೇ ಹೋದವರು ಅಲ್ಲಿ ಕಣ್ಣೊರೆಸಿಕೊಂಡು ಬಂದಿದ್ದರೆ ನನಗೇನೂ ಆಶ್ಚರ್ಯವಿಲ್ಲ.

ಇಂಡಿಯಾಕ್ಕೂ ಬಂದಿದ್ದ, 1988ರ ಸೆಪ್ಟೆಂಬರ್ 30ರಂದು, ದೆಹಲಿಯ ನೆಹರೂ ಸ್ಟೇಡಿಯಂಗೆ, ಮಾನವ ಹಕ್ಕುಗಳ ಟೂರ್‌ನಲ್ಲಿ. ನಾನಾಗ ಪ್ರೈಮರಿ ಸ್ಕೂಲು.

ವಾಪಸ್ ಊರಿಗೆ ಬಂದ ಮೇಲೆ ಒಂದು ಭಾನುವಾರ ಆವತ್ತಿನ ರೆಕಾರ್ಡಿಂಗನ್ನು ಅಪ್ಪನಿಗೆ ಕೇಳಿಸಿದೆ. ಅಮ್ಮ ಮಂಡಕ್ಕಿ ಒಗ್ಗರಣೆ ಮಾಡಿದ್ದರು. ಅಪ್ಪ ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದು ಕೈ ಕಿವಿ ಹಿಂದೆ ಇಟ್ಟುಕೊಂಡು ಕೂತರು. ಬ್ರೂಸ್ ಅಭಿಮಾನಿಗಳು ಅವನ ಹೆಸರನ್ನೇ ಉದ್ದಕ್ಕೆ ಎಳೆದು "ಬ್ರೂೂೂಸ್" ಅಂತ ಕೂಗುತ್ತಾರೆ. ಗೊತ್ತಿಲ್ಲದವರಿಗೆ ಅದು ಥೇಟ್ ಛೀಮಾರಿ ಹಾಕಿದ ಹಾಗೆ ಕೇಳುತ್ತದೆ.

"ಯಾಕಪಾ, ಪಾಪ, ಹಂಗ್ ಬೈತಾರೆ ಅವ್ನಿಗೆ?"

"ಬೈತಿಲ್ಲಪ್ಪ, ಹೆಸರು ಕೂಗ್ತಿದಾರೆ."

"ಹಂಗಾ." ಸ್ವಲ್ಪ ಹೊತ್ತು ಕೇಳಿದರು. "ಹಾರ್ಮೋನಿಯಂ ಚಲೋ ಐತಿ."

ಅದು ಆರ್ಗನ್, ಆದರೆ ನಾನು ತಿದ್ದಲಿಲ್ಲ.

ಕೊನೆಗೆ ಒಂದು ಉಪಯೋಗದ ಮಾತು, ಯಾವಾಗಲಾದರೂ ಹೋಗುವ ಅವಕಾಶ ಸಿಕ್ಕರೆ. ಬೆಳಿಗ್ಗೆಯಿಂದಲೇ ಸರಿಯಾಗಿ ಊಟ ಮಾಡಿಕೊಂಡಿರಿ, ನಿಲ್ಲಲು ಆಗುವಂಥ ಚಪ್ಪಲಿ ಹಾಕಿಕೊಳ್ಳಿ, ಮತ್ತೆ ನೀರು ಲೆಕ್ಕ ಹಾಕಿ ಕುಡಿಯಿರಿ. ನಮ್ಮ ನಾಟಕದ ಹಾಗೆ ನಡುವೆ ಇಂಟರ್‌ವಲ್ ಕೊಡುತ್ತಾರೆ ಅಂತ ನಾನು ಮೂರು ಗಂಟೆ ಕಾದೆ. ಕೊಡಲಿಲ್ಲ. ಆಮೇಲೆ ತಡೆಯಲಾರದೆ ಓಡಿದೆ. ಕ್ಯೂ ಉದ್ದಕ್ಕಿತ್ತು. ವಾಪಸ್ ಬಂದಾಗ ಪೋಸ್ಟ್‌ಮ್ಯಾನ್ ಹಿರಿಯರು ಮಾತಾಡದೆ ಹಾಳೆಯನ್ನು ನನ್ನ ಕಡೆ ತಿರುಗಿಸಿ, ಹೊಸದಾಗಿ ಬರೆದ ಎರಡು ಸಾಲುಗಳ ಮೇಲೆ ಪೆನ್ಸಿಲ್ಲಿನಿಂದ ತಟ್ಟಿದರು. ಯಾವ ಹಾಡುಗಳು ಅಂತ ದಯವಿಟ್ಟು ಕೇಳಬೇಡಿ, ಈಗಲೂ ಹೊಟ್ಟೆ ಉರಿಯುತ್ತದೆ.