ಕೋವಿಡ್ ಬಂದಾಗ ಬಿಪಿ ಮಾತ್ರೆ ನಿಲ್ಲಿಸಬೇಕೆ? ಸಿಆರ್‌ಪಿ ಹೆಚ್ಚಿದ್ದರೆ ಸ್ಟೀರಾಯ್ಡ್ ಬೇಕೆ?

ತಾಯಿಗೆ 62 ವರ್ಷ, ಬಿಪಿಗೆ ದಿನಕ್ಕೊಂದು ಟೆಲ್ಮಿಸಾರ್ಟಾನ್ 40 ಮಾತ್ರೆ, ಕೋವಿಡ್ ಜ್ವರದ ಮೂರನೇ ದಿನ, ಬಿಪಿ 158/94, ಸಿಆರ್‌ಪಿ (ಉರಿಯೂತ ತೋರಿಸುವ ರಕ್ತಪರೀಕ್ಷೆ) 38, ಆಕ್ಸಿಜನ್ 97 ಎಂದು ಬರೆದಿದ್ದೀರಿ. ಬಿಪಿ ಮಾತ್ರೆ ನಿಲ್ಲಿಸಬೇಡಿ.

ಆ ಮಾತ್ರೆ ವೈರಸ್‌ಗೆ ಬಾಗಿಲು ತೆಗೆಯುತ್ತದೆ ಎಂದ ನಿಮ್ಮ ನೆಂಟರು ಸುಮ್ಮನೆ ಹೇಳಿದ್ದಲ್ಲ. ವೈರಸ್ ಜೀವಕೋಶದೊಳಗೆ ನುಗ್ಗುವುದು ಎಸಿಇ2 ಎಂಬ ಪ್ರೋಟೀನಿನ ಮೂಲಕ. ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಥರದ ಮಾತ್ರೆಗಳು ಅದನ್ನು ಹೆಚ್ಚಿಸಬಹುದೆಂದು 2020ರಲ್ಲಿ ವೈದ್ಯರಿಗೂ ಅಳುಕಿತ್ತು. ಬ್ರೆಜಿಲ್‌ನಲ್ಲಿ ಆಸ್ಪತ್ರೆ ಸೇರಿದ್ದ 659 ರೋಗಿಗಳಲ್ಲಿ ಕೆಲವರಿಗೆ ನಿಲ್ಲಿಸಿ, ಕೆಲವರಿಗೆ ಮುಂದುವರಿಸಿ ನೋಡಿದರು. ನಿಲ್ಲಿಸಿದವರಿಗೆ ಯಾವ ಲಾಭವೂ ಆಗಲಿಲ್ಲ.

ಹಾಗಾದರೆ ಬಿಪಿ ಏರಿದ್ದೇಕೆ? ಜ್ವರ, ಮೈಕೈ ನೋವು, ನಿದ್ದೆಗೇಡು ಇವಿಷ್ಟೇ ಸಾಕು. ಆದರೂ ನಾನು ಮೊದಲು ನೋಡುವುದು ಔಷಧಿ ಚೀಲವನ್ನು. ಮೆಡಿಕಲ್ ಶಾಪಿನ ಎಷ್ಟೋ ಶೀತದ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಇರುತ್ತದೆ. ಮೂಗಿನ ರಕ್ತನಾಳ ಕುಗ್ಗಿಸಲೆಂದೇ ಹಾಕಿದ್ದು, ಉಳಿದ ರಕ್ತನಾಳಗಳನ್ನೂ ಬಿಗಿಯಬಲ್ಲದು. ಸ್ಟ್ರಿಪ್ಪಿನ ಹಿಂಬದಿ ಓದಿ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಕೂಡ ಬೇಡ: ಮೈಯಲ್ಲಿ ಉಪ್ಪು-ನೀರು ಹಿಡಿದಿಡುತ್ತವೆ, ಟೆಲ್ಮಿಸಾರ್ಟಾನ್‌ನ ಕೆಲಸ ಕೆಡಿಸುತ್ತವೆ, ಮೂತ್ರಪಿಂಡಕ್ಕೂ ಹೊರೆ. ಜ್ವರಕ್ಕೆ ಪ್ಯಾರಾಸಿಟಮಾಲ್ 500 ಅಥವಾ 650, ಆರು ಗಂಟೆಗೊಮ್ಮೆ ಸಾಕು. ಲಿವರ್ ತೊಂದರೆ ಇದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ. ನೀರಲ್ಲಿ ನೊರೆಯೆದ್ದು ಕರಗುವ ಮಾತ್ರೆ ತರಬೇಡಿ, ಅದರಲ್ಲಿ ಸೋಡಿಯಂ ಜಾಸ್ತಿ. ಮೂಗು ಕಟ್ಟಿದರೆ ಉಪ್ಪುನೀರಿನ ಡ್ರಾಪ್ಸ್ ಹಾಕಿ. (ಜ್ವರದ ಬಾಯಿಗೆ ಗಂಜಿ-ಉಪ್ಪಿನಕಾಯಿ ರುಚಿ, ಬಿಪಿಗಲ್ಲ.)

ಬಿಪಿ ಮಾತ್ರೆ ತಡೆಹಿಡಿಯುವ ಸಂದರ್ಭವೂ ಒಂದಿದೆ: ವಾಂತಿ-ಭೇದಿಯಾಗಿ ನೀರೂ ನಿಲ್ಲದೆ ಮೇಲಿನ ಬಿಪಿ 100ಕ್ಕಿಂತ ಇಳಿದಾಗ. ಆಗಲೂ ವೈದ್ಯರಿಗೆ ಫೋನ್ ಮಾಡಿ ಕೇಳಿ; ಊಟ-ನೀರು ಸರಿಹೋದ ಮೇಲೆ ಮತ್ತೆ ಶುರುಮಾಡಲು ಮರೆಯಬೇಡಿ.

ಸಿಆರ್‌ಪಿ 38 ಎಂದರೆ ಮೈಯಲ್ಲಿ ಉರಿಯೂತ ಇದೆ ಎಂದಷ್ಟೇ. ಆ ಅಂಕಿ ನೋಡಿ ಸ್ಟೀರಾಯ್ಡ್ ಕೊಡುವುದಿಲ್ಲ. 2020ರ ಬ್ರಿಟನ್ನಿನ ‘ರಿಕವರಿ’ ಎಂಬ ಔಷಧ ಪ್ರಯೋಗದಲ್ಲಿ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ವೆಂಟಿಲೇಟರ್‌ನಲ್ಲಿದ್ದವರ ಸಾವನ್ನು ಸುಮಾರು ಮೂರನೇ ಒಂದರಷ್ಟು, ಆಕ್ಸಿಜನ್ ಮೇಲಿದ್ದವರ ಸಾವನ್ನು ಐದನೇ ಒಂದರಷ್ಟು ತಗ್ಗಿಸಿತು. ಆಕ್ಸಿಜನ್ ಬೇಡದವರಿಗೆ ಪ್ರಯೋಜನವಾಗಲಿಲ್ಲ. ಮೇಲಾಗಿ ಸ್ಟೀರಾಯ್ಡ್ ಬಿಪಿ, ಶುಗರ್ ಎರಡನ್ನೂ ಏರಿಸುತ್ತದೆ. ಸ್ಟೀರಾಯ್ಡ್‌ನ ಅತಿಬಳಕೆಯೂ ಕಾರಣವಾಗಿದ್ದ 2021ರ ಕಪ್ಪು ಶಿಲೀಂಧ್ರದ ಹಾವಳಿ ನೆನಪಿರಬೇಕಲ್ಲ.

ಬಿಪಿಯನ್ನು ಬೆಳಿಗ್ಗೆ-ಸಂಜೆ, ಐದು ನಿಮಿಷ ಸುಮ್ಮನೆ ಕೂರಿಸಿ, ತೋಳು ಎದೆಮಟ್ಟಕ್ಕಿಟ್ಟು, ನಿಮಿಷದ ಅಂತರದಲ್ಲಿ ಎರಡು ಸಲ ನೋಡಿ. ಕೆಮ್ಮಿದ ತಕ್ಷಣ ನೋಡಿದರೆ ಸುಳ್ಳು ಅಂಕಿ ಬರುತ್ತದೆ. ಆಕ್ಸಿಜನ್ 94ಕ್ಕಿಂತ ಇಳಿದರೆ, ಎದೆನೋವು, ಉಬ್ಬಸ, ಗೊಂದಲ ಕಂಡರೆ ಅಥವಾ ಬಿಪಿ 180/120 ದಾಟಿದರೆ ಆಸ್ಪತ್ರೆಗೆ ಹೊರಡಿ.