ನಾನು ಆರಿಸಲ್ಪಟ್ಟವನೋ ಅಲ್ಲವೋ ಗೊತ್ತಾಗುವ ತನಕ ಪ್ರಾರ್ಥನೆ ನಿಲ್ಲಿಸಬೇಕಾ?

ಬೇಡ. ದಯವಿಟ್ಟು ನಿಲ್ಲಿಸಬೇಡಿ. ‘ದೇವರು ಎಲ್ಲವನ್ನೂ ಮೊದಲೇ ನೇಮಿಸಿದ್ದರೆ ನನ್ನ ಪ್ರಾರ್ಥನೆಗೆ ಅರ್ಥವೇನು? ಕ್ಯಾಲ್ವಿನ್ ಸರಿಯೋ ಅರ್ಮಿನಿಯಸ್ ಸರಿಯೋ ಅನ್ನೋದು ಮೊದಲು ಇತ್ಯರ್ಥವಾಗಲಿ’ ಅಂತ ಬರೆದಿದ್ದೀರಿ. ಯಾರಿಗೆ ರಕ್ಷಣೆ ಅನ್ನೋದನ್ನು ದೇವರು ಬರೀ ತನ್ನ ಇಷ್ಟದಂತೆ ಮೊದಲೇ ಆರಿಸಿದ್ದಾನೆ ಅಂದವನು ಕ್ಯಾಲ್ವಿನ್. ಯಾರು ನಂಬುತ್ತಾರೆಂದು ಮುಂಚೆಯೇ ತಿಳಿದು ಆರಿಸಿದ್ದಾನೆ ಅಂದವನು ಅರ್ಮಿನಿಯಸ್. ಇದೇ ಮಾತು ಹೇಳಿಕೊಂಡು ನಾನೂ ಪ್ರಾರ್ಥನೆ ಬಿಟ್ಟಿದ್ದೆ.

ಎಲ್ಲ ಶುರುವಾಗಿದ್ದು ಬೈಬಲ್‌ನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 9ನೇ ಅಧ್ಯಾಯದಿಂದ. ಅವಳಿಗಳಾದ ಯಾಕೋಬ, ಏಸಾವ ಇನ್ನೂ ಹುಟ್ಟಿರಲಿಲ್ಲ. ಒಳ್ಳೆಯದು, ಕೆಟ್ಟದ್ದು ಏನೂ ಮಾಡಿರಲಿಲ್ಲ. ಆಗಲೇ ದೇವರು ಯಾಕೋಬನನ್ನು ಆರಿಸಿಕೊಂಡಿದ್ದನು. ಮುಂದೆ ಐಗುಪ್ತದ ರಾಜ ಫರೋಹನ ಹೃದಯವನ್ನು ದೇವರು ಕಠಿಣ ಮಾಡಿದ ಮಾತು. ಆಮೇಲೆ ಕುಂಬಾರ, ಒಂದೇ ಮಣ್ಣಿನಿಂದ ಎರಡು ಥರದ ಪಾತ್ರೆ: ಒಂದು ಗೌರವದ ಬಳಕೆಗೆ, ಎರಡನೆಯದು ಹೀನ ಬಳಕೆಗೆ. ಓದಿದಾಗ ಎದೆ ಧಸಕ್ಕೆಂದಿತು. ನಾನು ಆ ಎರಡನೇ ಪಾತ್ರೆಯಾಗಿದ್ದರೆ?

ಅಲ್ಲಿಂದ ನನ್ನನ್ನು ನಾನೇ ಪರೀಕ್ಷೆ ಮಾಡಿಕೊಳ್ಳಲು ಶುರು ಮಾಡಿದೆ. ಪ್ರಾರ್ಥನೆಯಲ್ಲಿ ಕಣ್ಣೀರು ಬಂದರೆ ಆರಿಸಲ್ಪಟ್ಟವನು. ಮನಸ್ಸು ಒಣಗಿದ್ದರೆ ಏಸಾವ. ಬೆಳಿಗ್ಗೆ ಭರವಸೆ, ರಾತ್ರಿ ಭಯ. ಕೊನೆಗೆ, ಖಾತ್ರಿಯಾಗುವ ತನಕ ಏನೂ ಬೇಡ ಅಂದುಕೊಂಡೆ.

ಅದೇ ಸಮಯದಲ್ಲಿ ಅಕ್ಕನಿಗೆ ಆಪರೇಷನ್ ಇತ್ತು. ಹಿಂದಿನ ರಾತ್ರಿ ಫೋನ್ ಮಾಡಿ, ‘ನನಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡೋ’ ಅಂದಳು. ನಾನು ಹೇಳಿದ್ದು: ‘ಆಗಬೇಕಾದ್ದು ಆಗಲೇ ತೀರ್ಮಾನವಾಗಿದೆ, ಅಕ್ಕ.’ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟಳು. ಆಪರೇಷನ್ ಚೆನ್ನಾಗೇ ಆಯಿತು. ಆದರೆ ಆಮೇಲೆ ಅವಳು ಪ್ರಾರ್ಥನೆಗೆಂದು ನನ್ನನ್ನು ಕೇಳಿದ್ದೇ ಇಲ್ಲ. ಕ್ಷಮೆ ಕೇಳಿದೆ, ಕ್ಷಮಿಸಿದಳು. ಆ ಸಲಿಗೆ ಮಾತ್ರ ವಾಪಸ್ ಬರಲಿಲ್ಲ.

ನನ್ನ ತಪ್ಪು ಏನೆಂದು ಬಿಡಿಸಿ ಹೇಳಬೇಕು, ಯಾಕೆಂದರೆ ನೀವೂ ಅದರ ಅಂಚಿನಲ್ಲೇ ನಿಂತಿದ್ದೀರಿ. ದೇವರ ಸಾರ್ವಭೌಮತ್ವವನ್ನು ನಂಬಿದ್ದು ತಪ್ಪಲ್ಲ. ಇಂದಿಗೂ ನಂಬುತ್ತೇನೆ. ತಪ್ಪು ಎಂದರೆ, ದೇವರು ತನ್ನಲ್ಲೇ ಇಟ್ಟುಕೊಂಡಿರುವ ತೀರ್ಮಾನವನ್ನು ನನ್ನ ಮನಸ್ಸಿನ ಏರಿಳಿತದಲ್ಲಿ ಓದಲು ಹೋಗಿದ್ದು. ನನಗೆ ಹೇಳದೆ ಇರುವುದನ್ನು ಮೊದಲು ತಿಳಿದುಕೊಂಡು, ಹೇಳಿರುವುದನ್ನು ಆಮೇಲೆ ಮಾಡುತ್ತೇನೆ ಎಂದೆ. ಪ್ರಾರ್ಥಿಸು ಅನ್ನೋದು ಸ್ಪಷ್ಟವಾದ ಆಜ್ಞೆ. ನನ್ನ ಹೆಸರು ಪಟ್ಟಿಯಲ್ಲಿದೆಯಾ ಅಂತ ಹುಡುಕು ಅನ್ನೋ ಆಜ್ಞೆ ಎಲ್ಲೂ ಇಲ್ಲ. ಧರ್ಮೋಪದೇಶಕಾಂಡ 29:29 ಹೇಳುವುದೂ ಅದನ್ನೇ: ಗುಟ್ಟಾದ ವಿಷಯಗಳು ದೇವರಿಗೆ ಸೇರಿದ್ದು, ಪ್ರಕಟವಾದವು ನಮಗೆ.

ಇನ್ನೊಂದು, ನಾನು 9ನೇ ಅಧ್ಯಾಯದಲ್ಲೇ ನಿಂತುಬಿಟ್ಟೆ. ಅದನ್ನು ಬರೆದ ಪೌಲ 10ನೇ ಅಧ್ಯಾಯದ ಮೊದಲ ವಚನದಲ್ಲೇ ತನ್ನ ಜನರ ರಕ್ಷಣೆಗಾಗಿ ಪ್ರಾರ್ಥಿಸುತ್ತಾನೆ! ಆಯ್ಕೆಯ ಬಗ್ಗೆ ಅಷ್ಟು ಗಟ್ಟಿಯಾಗಿ ಬರೆದವನಿಗೆ ಪ್ರಾರ್ಥನೆ ವ್ಯರ್ಥ ಅನ್ನಿಸಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಕ್ಯಾಲ್ವಿನ್, ಅರ್ಮಿನಿಯಸ್ ಇಬ್ಬರೂ ಪ್ರಾರ್ಥಿಸಿದವರೇ. ಕ್ಯಾಲ್ವಿನ್ 1559ರ ತನ್ನ ದೊಡ್ಡ ಗ್ರಂಥದಲ್ಲಿ ಆಯ್ಕೆಯ ವಿಷಯ ಎತ್ತುವುದು ಪ್ರಾರ್ಥನೆಯ ದೀರ್ಘ ಅಧ್ಯಾಯ ಮುಗಿದ ಮೇಲೆ. ನಿನ್ನ ಆಯ್ಕೆಯನ್ನು ನಿನ್ನೊಳಗೆ ಹುಡುಕಬೇಡ, ಕ್ರಿಸ್ತನೇ ಅದರ ಕನ್ನಡಿ ಅಂತ ಅವನೇ ಹೇಳುತ್ತಾನೆ. ಅರ್ಮಿನಿಯಸ್‌ನ ಹಿಂಬಾಲಕರನ್ನು ಖಂಡಿಸಿದ, ನೆದರ್‌ಲ್ಯಾಂಡ್ಸ್‌ನಲ್ಲಿ ಸೇರಿದ್ದ ಡಾರ್ಟ್ ಸಭೆ (1618–19) ಕೂಡ ನಿಮ್ಮಂಥವರನ್ನು ಮರೆತಿಲ್ಲ. ಅದರ ತೀರ್ಮಾನಗಳ ಮೊದಲ ಭಾಗದ 16ನೇ ಕಲಮು ನೋಡಿ. ಗಟ್ಟಿ ನಂಬಿಕೆ ಇನ್ನೂ ಅನುಭವಕ್ಕೆ ಬರದವರು ತಮ್ಮನ್ನು ತಿರಸ್ಕೃತರೆಂದು ಎಣಿಸಿಕೊಳ್ಳಬಾರದು, ದೇವರು ಕೊಟ್ಟ ಸಾಧನಗಳನ್ನು ಬಿಡದೆ ಬಳಸುತ್ತಿರಬೇಕು ಅನ್ನುತ್ತದೆ. ಪ್ರಾರ್ಥನೆ ಬಿಡಲು ಈ ಸಿದ್ಧಾಂತ ನನಗೆ ಅಪ್ಪಣೆ ಕೊಟ್ಟಿರಲೇ ಇಲ್ಲ. ನಾನೇ ಕೊಟ್ಟುಕೊಂಡಿದ್ದೆ.

ವಾದ ಓದಲೇಬೇಡಿ ಅನ್ನುತ್ತಿಲ್ಲ. ರಕ್ಷಣೆ ದೇವರ ಕೃಪೆಯಿಂದಲೋ ಮನುಷ್ಯನ ಸ್ವಂತ ಇಚ್ಛೆಯಿಂದಲೋ ಎಂದು ಐದನೇ ಶತಮಾನದಲ್ಲಿ ವಾದಿಸಿದ ಆಗಸ್ಟೀನ್ ಮತ್ತು ಪೆಲಾಗಿಯಸ್‌ರ ಕಾಲದಿಂದ ನಡೆಯುತ್ತಿರುವ ಚರ್ಚೆ ಅದು, ಈ ವಾರ ಮುಗಿಯಲ್ಲ. ಪ್ರಾರ್ಥಿಸುತ್ತಲೇ ಓದಿ. ಮೊದಲು ಯೋಹಾನ 6:37 ಓದಿ. ತಂದೆ ಕೊಟ್ಟವರೆಲ್ಲ ನನ್ನ ಬಳಿಗೆ ಬರುತ್ತಾರೆ ಅನ್ನುವ ಯೇಸು, ಬಂದವರನ್ನು ನಾನು ತಳ್ಳಿಬಿಡುವುದೇ ಇಲ್ಲ ಅಂತ ಅದೇ ಉಸಿರಿನಲ್ಲಿ ಹೇಳುತ್ತಾನೆ. ನಿಮ್ಮ ಕೈಗೆ ಸಿಗುವುದು ಆ ಎರಡನೇ ಭಾಗ. ಅದನ್ನು ಹಿಡಿದುಕೊಳ್ಳಿ.

‘ನಿದ್ದೆ ಬರುತ್ತಿಲ್ಲ’ ಅಂತಲೂ ಬರೆದಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಚಿಂತೆ ತಂದಿದ್ದು ಆ ಸಾಲು. ಸಭೆಗಳಲ್ಲಿ ಹಾಡುವ ಭಕ್ತಿಗೀತೆಗಳನ್ನು ಬರೆದ ಇಂಗ್ಲಿಷ್ ಕವಿ ವಿಲಿಯಂ ಕೂಪರ್ 1773ರ ನಂತರ ದೇವರು ತನ್ನನ್ನು ಕೈಬಿಟ್ಟಿದ್ದಾನೆಂದೇ ನಂಬಿ ನರಳಿದರು. ಅವರಿಗಿದ್ದದ್ದು ಮನಸ್ಸಿನ ಕಾಯಿಲೆ ಕೂಡ. ಬರೀ ವಾದದಿಂದ ಅದು ವಾಸಿಯಾಗಲ್ಲ. ಈ ವಾರವೇ ನಿಮ್ಮ ಸಭಾಪಾಲಕರ ಜೊತೆ ಮಾತಾಡಿ, ಡಾಕ್ಟರನ್ನೂ ನೋಡಿ. ಡಾಕ್ಟರ್ ಹತ್ತಿರ ಹೋಗುವುದು ಅಪನಂಬಿಕೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.