ತೀರ್ಪು ಸರಿಯಿತ್ತು, ವಿವರಣೆ ತಪ್ಪಿತು: ಒಬ್ಬ ಕಬಡ್ಡಿ ತೀರ್ಪುಗಾರರ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನಲವತ್ತರ ಆಸುಪಾಸಿನ ಈ ದೈಹಿಕ ಶಿಕ್ಷಣ ಶಿಕ್ಷಕರು ಬಹುಕಾಲದಿಂದ ಕಬಡ್ಡಿ ತೀರ್ಪುಗಾರರೂ ಆಗಿದ್ದಾರೆ. ನಿದ್ದೆ ಬರುತ್ತಿಲ್ಲ, ವಿಷಲ್ ಮುಟ್ಟಲು ಮನಸ್ಸಾಗುತ್ತಿಲ್ಲ ಎಂದು ನನ್ನ ಬಳಿ ಸಲಹೆಗೆ ಬಂದರು. ಮಾತಿನ ನಡುವೆ ನನ್ನ ಟಿಪ್ಪಣಿ ಪುಸ್ತಕ ಕೇಳಿ ಪಡೆದು, ಕಬಡ್ಡಿ ಅಂಕಣದ ಚಿತ್ರ ಬರೆದು, ಬೋನಸ್ ಗೆರೆಯ (ದಾಟಿದರೆ ಹೆಚ್ಚುವರಿ ಅಂಕ ತರಬಹುದಾದ ಗೆರೆ) ಮೇಲೆ ಪೆನ್ನಿನ ತುದಿಯನ್ನು ಮತ್ತೆ ಮತ್ತೆ ಒತ್ತಿದರು.

ಒಂದು ಪಂದ್ಯದಲ್ಲಿ ರೈಡರ್ (ಎದುರಾಳಿಗಳ ಕಡೆಗೆ ದಾಳಿಗೆ ಹೋದ ಆಟಗಾರ) ಬೋನಸ್ ಗೆರೆ ದಾಟಿದಾಗ ಅವನ ಹಿಂದಿನ ಕಾಲು ನೆಲ ಬಿಟ್ಟಿರಲಿಲ್ಲವಾದ್ದರಿಂದ ಇವರು ಅಂಕ ಕೊಡಲಿಲ್ಲ. ತೀರ್ಪು ಸರಿಯೇ ಇತ್ತು. ಆದರೆ ವಿರಾಮದಲ್ಲಿ ಆ ರೈಡರ್‌ನ ತಂಡದ ಕೋಚ್, ಒಂದು ಕಾಲದಲ್ಲಿ ಇವರಿಗೇ ಆಟ ಕಲಿಸಿದವರು, ಕಾರಣ ಕೇಳಿದಾಗ, ಇವರು ಗಡಿಬಿಡಿಯಲ್ಲಿ "ಅಂಕಣದಲ್ಲಿ ಐದೇ ಡಿಫೆಂಡರ್‌ಗಳಿದ್ದರು" ಎಂದುಬಿಟ್ಟರು. ಕನಿಷ್ಠ ಆರು ಮಂದಿ ಇದ್ದರೆ ಬೋನಸ್ ಸಿಗುತ್ತದೆ, ಇದ್ದದ್ದೂ ಆರು ಮಂದಿಯೇ. ಕೋಚ್ ಅದನ್ನು ಎಣಿಸಿ ತೋರಿಸಿದಾಗ ಇವರು ತಪ್ಪೊಪ್ಪಿಕೊಳ್ಳುವ ಬದಲು ತಮ್ಮ ಅನುಭವದ ಮಾತೆತ್ತಿದರು. ಅಂದಿನಿಂದ ಇವರ ಸರಿಯಾದ ತೀರ್ಪುಗಳನ್ನೂ ಜನ ಅನುಮಾನಿಸತೊಡಗಿದರು. ಇವರೋ ಪ್ರತಿ ಕೋಚ್‌ಗೂ ಉದ್ದುದ್ದ ವಿವರಣೆ ಕೊಡುತ್ತಾ ಹೋದರು.

ಗುರುವಿನ ಮುಖ ಬಾಡಬಾರದೆಂಬ ಆತುರವೇ ಅಂದು ಇವರ ಬಾಯಿಂದ ಆ ಸುಳ್ಳು ಎಣಿಕೆಯನ್ನು ಆಡಿಸಿತು ಎಂಬುದು ಎರಡನೆಯ ಭೇಟಿಯಲ್ಲಿ ಇವರಿಗೇ ಹೊಳೆಯಿತು. ನಿಯಮದ ಜ್ಞಾನದಲ್ಲಿ ಕೊರತೆಯಿರಲಿಲ್ಲ. ಒಪ್ಪಿಸಲೇಬೇಕೆಂದು ಹೊರಟವರ ಮಾತು ಕಂಡದ್ದನ್ನು ಬಿಟ್ಟು ಕೇಳುವವರ ಮುಖದ ಹಿಂದೆ ಹೋಗುತ್ತದೆ.

ನಾನು ಕೊಟ್ಟ ಸಲಹೆ ಹೀಗಿತ್ತು. ಕೋಚ್ ಕೇಳಿದರೆ ಮೊದಲು ಕಣ್ಣು ಕಂಡದ್ದನ್ನು, ಆಮೇಲೆ ಅದಕ್ಕೆ ಹೊಂದುವ ನಿಯಮವನ್ನು ಎರಡೇ ವಾಕ್ಯದಲ್ಲಿ ಹೇಳಿ ನಿಲ್ಲಿಸಿ: "ಹಿಂದಿನ ಕಾಲು ನೆಲದಲ್ಲಿತ್ತು. ಹಾಗಿದ್ದರೆ ಬೋನಸ್ ಇಲ್ಲ." ಖಚಿತವಿಲ್ಲದಿದ್ದರೆ ಜೊತೆಗಿರುವ ಅಂಪೈರ್‌ಗಳನ್ನು ಕೇಳಿ ಹೇಳುತ್ತೇನೆ ಎನ್ನಿ. ವಿವರಣೆ ತಪ್ಪಿದ್ದರೆ ಇಬ್ಬರೂ ಕೋಚ್‌ಗಳನ್ನು ಒಟ್ಟಿಗೆ ಕರೆದು ತಿದ್ದಿ; ಒಬ್ಬರ ಕಿವಿಯಲ್ಲಿ ಹೇಳಿದ್ದು ಇನ್ನೊಬ್ಬರಿಗೆ ಪಕ್ಷಪಾತವಾಗಿ ಕಾಣುತ್ತದೆ. ಯಾವ ನಿಯಮಾವಳಿಯಂತೆ ಆಟ ಎಂಬುದನ್ನು ಪಂದ್ಯಕ್ಕೆ ಮೊದಲೇ ಸ್ಪಷ್ಟಪಡಿಸಿ. 2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಫೈನಲ್‌ನಲ್ಲಿ ಭಾರತ ಮತ್ತು ಇರಾನ್ 28-28ರಲ್ಲಿದ್ದಾಗ, ಲಾಬಿಗೆ (ಅಂಕಣದ ಎರಡೂ ಬದಿಯ ಪಟ್ಟಿ) ಕಾಲಿಟ್ಟ ರೈಡರ್ ಮಾತ್ರ ಔಟೋ, ಬೆನ್ನಟ್ಟಿ ಬಂದ ಡಿಫೆಂಡರ್‌ಗಳೂ ಔಟೋ ಎಂಬ ಗೊಂದಲದಲ್ಲಿ ಆಟ ಸುಮಾರು ಒಂದು ಗಂಟೆ ನಿಂತಿತ್ತು. ಭಾರತ 33-29ರಿಂದ ಗೆದ್ದರೂ, ತೀರ್ಪು ಅತ್ತಿಂದಿತ್ತ ಬದಲಾದದ್ದು ಎರಡೂ ತಂಡಗಳನ್ನು ನೋಯಿಸಿತು. ಈ ಉದಾಹರಣೆ ಕೇಳಿದಾಗ ಇವರ ಹೆಗಲು ಮೊದಲ ಬಾರಿ ಸಡಿಲವಾದದ್ದನ್ನು ನಾನು ಗಮನಿಸಿದೆ.

ಅತ್ಯಂತ ಕಷ್ಟದ ಸಲಹೆ ಹಳೆಯ ಗುರುವಿನ ಮನೆಗೆ ಹೋಗುವುದಾಗಿತ್ತು. ಮೂರು ವಾರ ತಡೆದು ಹೋದರು. "ಅಂದು ಆರು ಮಂದಿ ಇದ್ದರು, ನಾನು ತಪ್ಪು ಹೇಳಿದೆ. ಆದರೆ ಕಾಲು ನೆಲದಲ್ಲೇ ಇತ್ತು ಸರ್" ಎಂದರಂತೆ. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಲು ತಾವೂ ನೋಡಿದ್ದಾಗಿ ಹೇಳಿದರಂತೆ.